ಅಪ್ಪನ ಸ್ಪೀಕರ್‌ಗೆ ಮರುಜೀವ

ಪ್ರಶ್ನೆ: ಅಪ್ಪ 1980ರ ದಶಕದಲ್ಲಿ ದುಬೈಯಿಂದ ತಂದ ಸ್ಟೀರಿಯೊ ಸ್ಪೀಕರ್ ಜೋಡಿ ನಮ್ಮಲ್ಲಿದೆ. ದೊಡ್ಡ ಕೋನಿನ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತದೆ. ಚೆಂಡೆಯ ಪೆಟ್ಟು ಒಡಕು ಒಡಕಾಗಿ ಕೇಳಿಸುತ್ತದೆ. ಹೊಸ ಡ್ರೈವರ್ (ಕೋನು, ಅಯಸ್ಕಾಂತ ಸೇರಿದ ಧ್ವನಿ ಘಟಕ) ಹಾಕಿಸಲೇ?
– ಓದುಗರು, ಮಲ್ಪೆ

ಉತ್ತರ: ದಯವಿಟ್ಟು ಬೇಡ. ಆ ಪೆಟ್ಟಿಗೆ, ಒಳಗಿನ ಕ್ರಾಸ್‌ಓವರ್ (ದಪ್ಪ, ತೆಳು ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್) ಎರಡೂ ಆ ಡ್ರೈವರ್‌ಗೆಂದೇ ಲೆಕ್ಕ ಹಾಕಿ ಮಾಡಿದವು. ಹಾಳಾಗಿರುವುದು ಫೋಮ್. ಕರಾವಳಿಯ ತೇವಕ್ಕೆ ಅದು ಬೇಗ ಜೀರ್ಣವಾಗುತ್ತದೆ. ಅಳತೆಗೆ ಸರಿಯಾದ ಫೋಮ್ ಉಂಗುರ ತರಿಸಿ ಅಂಟಿಸಿದರೆ ಸಾಕು.

ಮಂಗಳೂರಿನ ನಮ್ಮ ಮನೆಯ 8 ಇಂಚಿನ ಜೋಡಿಗೆ ನಾನೇ ಹೀಗೆ ಮಾಡಿದ್ದೇನೆ. ಕಾಗದದ ಕೋನು ಹರಿಯದಂತೆ ಹಳೆಯ ಅಂಟನ್ನು ಕೆರೆದು ತೆಗೆಯಲು ಒಂದು ಸಂಜೆ ಪೂರ್ತಿ ಬೇಕಾಯಿತು. ಆ ತಾಳ್ಮೆಯೇ ಅರ್ಧ ಕೆಲಸ. ಹೊಸ ಅಂಟು ಒಣಗುವ ಮುನ್ನ ಕೋನನ್ನು ಎರಡೂ ಹೆಬ್ಬೆರಳುಗಳಿಂದ ಸಮವಾಗಿ, ಮೆಲ್ಲನೆ ಒತ್ತಿ ಕಿವಿಗೊಡಿ. ಕರಕರ ಎಂದರೆ ವಾಯ್ಸ್ ಕಾಯಿಲ್ (ಕೋನಿನ ಹಿಂದಿನ ತಂತಿ ಸುರುಳಿ) ಉಜ್ಜುತ್ತಿದೆ ಎಂದರ್ಥ. ಕೋನನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಒತ್ತಿ ನೋಡಿ. ಮಳೆಗಾಲವಾದರೆ ಎರಡು ದಿನ ಒಣಗಲು ಬಿಡಿ.

ಪೆಟ್ಟಿಗೆ ಬಿಚ್ಚಿದಾಗಲೇ ಕ್ರಾಸ್‌ಓವರ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸಿ. ಇಷ್ಟು ವರ್ಷಗಳಲ್ಲಿ ವಿದ್ಯುತ್ ಹಿಡಿದಿಡುವ ಅವುಗಳ ಸಾಮರ್ಥ್ಯ ಬದಲಾಗಿರುತ್ತದೆ. ಮೈಕ್ರೊಫ್ಯಾರಡ್ (ಆ ಸಾಮರ್ಥ್ಯದ ಅಳತೆ) ಹಳೆಯದರಲ್ಲಿ ಬರೆದಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ. ಅಂಗಡಿಯಲ್ಲಿ ‘ನಾನ್‌ಪೋಲಾರ್’ ಎಂದೇ ಕೇಳಿ; ಧನ, ಋಣ ಗುರುತಿರುವ ಮಾಮೂಲಿ ಕೆಪಾಸಿಟರ್ ಇಲ್ಲಿ ಸಲ್ಲದು. ಫಿಲ್ಮ್ ಕೆಪಾಸಿಟರ್ ಹೆಚ್ಚು ಕಾಲ ಬಾಳುತ್ತದೆ, ಆದರೆ ಗಾತ್ರ ದೊಡ್ಡದು. ಜಾಗ ಅಳೆದುಕೊಂಡು ಕೊಳ್ಳಿ. ಒಂದು ಪೆಟ್ಟಿಗೆಗೆ ಮಾಡಿದ್ದನ್ನು ಇನ್ನೊಂದಕ್ಕೂ ಮಾಡಿ, ಇಲ್ಲವಾದರೆ ಎಡಬಲದ ಧ್ವನಿ ಹೊಂದುವುದಿಲ್ಲ.