‘ಮನಸ್ಸು ಮಾಡುತ್ತಿಲ್ಲ’ ಎನ್ನಬೇಡಿ, ಕರಗಿರುವುದು ಸ್ನಾಯು

ಓದುಗರ ಪತ್ರ (ಸಂಕ್ಷಿಪ್ತ): ನನ್ನ ಅಣ್ಣನಿಗೆ 54 ವರ್ಷ. ನ್ಯುಮೋನಿಯಾ ಉಲ್ಬಣಿಸಿ 16 ದಿನ ವೆಂಟಿಲೇಟರ್‌ನಲ್ಲಿದ್ದರು. ಶ್ವಾಸಕೋಶ ಸುಧಾರಿಸಿದೆ ಎಂದು ಮನೆಗೆ ಕಳಿಸಿದ್ದಾರೆ. ಆದರೆ ಕುರ್ಚಿಯಿಂದ ಏಳಲಾರರು, ಕೈಯೆತ್ತಿ ತಲೆ ಬಾಚಿಕೊಳ್ಳಲಾರರು. ಮೆದುಳಿನ ಸ್ಕ್ಯಾನ್‌ನಲ್ಲಿ ತೊಂದರೆ ಇಲ್ಲ. ಇದು ಪಾರ್ಶ್ವವಾಯುವೇ? ಮಲಗಿಸಬೇಕೇ, ನಡೆಸಬೇಕೇ? ಮನೆಯವರೆಲ್ಲ ‘ಅವನು ಮನಸ್ಸೇ ಮಾಡುತ್ತಿಲ್ಲ’ ಎನ್ನುತ್ತಾರೆ.

ಸಂಪಾದಕರ ಉತ್ತರ: ಆ ಕೊನೆಯ ಮಾತನ್ನು ದಯವಿಟ್ಟು ಮನೆಯಲ್ಲಿ ಇನ್ನು ಯಾರೂ ಆಡದಿರಲಿ. ಏಳು ಎಂದು ಮನಸ್ಸು ಹೇಳುತ್ತಲೇ ಇದೆ. ಎಬ್ಬಿಸಬೇಕಾದ ತೊಡೆಯ ಸ್ನಾಯು ಕರಗಿಹೋಗಿದೆ. ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ವೆಂಟಿಲೇಟರ್‌ನಲ್ಲಿದ್ದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ವೈದ್ಯರು ಐಸಿಯು ದೌರ್ಬಲ್ಯ ಎನ್ನುವುದು ಇದನ್ನೇ.

ಬರೀ ಮಲಗಿದ್ದರಿಂದ ಇಷ್ಟಾಗುವುದಿಲ್ಲ. ಸೋಂಕು ಮೈಯೆಲ್ಲ ಹರಡಿದಾಗ ದೇಹ ತನ್ನದೇ ಸ್ನಾಯುವಿನ ಪ್ರೋಟೀನನ್ನು ವೇಗವಾಗಿ ಒಡೆಯುತ್ತದೆ, ಹೊಸದನ್ನು ಕಟ್ಟುವುದು ಹಿಂದೆ ಬೀಳುತ್ತದೆ. 2013ರ ಒಂದು ಅಧ್ಯಯನದಲ್ಲಿ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಿಂದ ಅಳೆದಾಗ, ಹತ್ತೇ ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಶೇ 17ಕ್ಕಿಂತ ಹೆಚ್ಚು ಕುಗ್ಗಿತ್ತು. ಯಂತ್ರವೇ ಉಸಿರಾಡಿಸುವಾಗ ಸುಮ್ಮನಿರುವ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ, ಉಸಿರೆಳೆಯುವ ಸ್ನಾಯು) ಇನ್ನೂ ಬೇಗ ಸೊರಗುತ್ತದೆ. ಕೆಲವರಲ್ಲಿ ನರತಂತುಗಳಿಗೂ ಪೆಟ್ಟು ಬೀಳುತ್ತದೆ. ಅಂಥವರಿಗೆ ಪಾದ ಜೋಮು ಹಿಡಿದಂತಿರುತ್ತದೆ, ಚೇತರಿಕೆಯೂ ನಿಧಾನ.

ಪಾರ್ಶ್ವವಾಯು ಸಾಮಾನ್ಯವಾಗಿ ಒಂದು ಪಕ್ಕವನ್ನು ಹಿಡಿಯುತ್ತದೆ. ಇದು ಎರಡೂ ಪಕ್ಕ ಸಮನಾಗಿರುತ್ತದೆ, ಭುಜ ಮತ್ತು ಸೊಂಟದ ಬಳಿ ಎದ್ದುಕಾಣುತ್ತದೆ, ಮುಖ ಹೆಚ್ಚಾಗಿ ಪಾರಾಗುತ್ತದೆ. ನೀವು ಬರೆದಿರುವುದು ಇದಕ್ಕೆ ಹೊಂದುತ್ತದೆ. ಆದರೂ ನರರೋಗ ತಜ್ಞರು ಒಮ್ಮೆ ನೋಡಲಿ, ರಕ್ತದಲ್ಲಿ ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ ಪರೀಕ್ಷಿಸಲಿ. ಇವು ಇಳಿದಿದ್ದರೂ ಕೈಕಾಲು ಸೋಲುತ್ತವೆ, ಅದನ್ನು ಬೇಗ ಸರಿಪಡಿಸಬಹುದು.

ಶಕ್ತಿಗೆ ಅಂಕ ಕೊಡುವ ಕ್ರಮವೂ ಇದೆ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದದ ಕೀಲು, ಎರಡೂ ಕಡೆ ಸೇರಿ 12 ಜಾಗ. ಒಂದೊಂದಕ್ಕೆ 0ಯಿಂದ 5. ಕೈಯನ್ನು ಎತ್ತಬಲ್ಲರು, ಆದರೆ ಮೇಲಿನಿಂದ ತುಸು ಒತ್ತಿದರೂ ತಡೆಯಲಾರರು ಎಂದರೆ ಅದು 3. ಒಟ್ಟು 60ರಲ್ಲಿ 48ಕ್ಕಿಂತ ಕಡಿಮೆ ಬಂದರೆ ಐಸಿಯು ದೌರ್ಬಲ್ಯ. ಫಿಸಿಯೋಥೆರಪಿಸ್ಟ್ ಬಳಿ ಇದನ್ನು ಬರೆಸಿಟ್ಟುಕೊಳ್ಳಿ. ‘ಸ್ವಲ್ಪ ವಾಸಿ’ ಎನ್ನುವುದಕ್ಕಿಂತ 38 ಇದ್ದದ್ದು 43 ಆಯಿತು ಎನ್ನುವುದು ಅಣ್ಣನಿಗೂ ಧೈರ್ಯ ಕೊಡುತ್ತದೆ.

ಇನ್ನು ಮಲಗಿಸುವುದೋ, ನಡೆಸುವುದೋ? ಮಲಗಿಸಬೇಡಿ, ಹಾಗೆಂದು ಬಲವಂತವಾಗಿ ನಡೆಸಲೂಬೇಡಿ. ಏಳುವ ಅಭ್ಯಾಸದಿಂದ ಆರಂಭಿಸಿ. ಗೋಡೆಗೆ ಒರಗಿಸಿಟ್ಟ, ಕೈಯಿರುವ ಗಟ್ಟಿ ಕುರ್ಚಿ. ಆಸನದ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಆಸನ ಎತ್ತರವಾದಷ್ಟೂ ತೊಡೆಯ ಮೇಲಿನ ಭಾರ ಕಡಿಮೆ. ಅವರು ಅಂಚಿಗೆ ಸರಿದು ಕೂರಲಿ, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಲಿ. ಹೆಚ್ಚಿನವರು ಸೋಲುವುದು ಬಾಗದೆ ನೇರ ಮೇಲಕ್ಕೆ ಏಳಲು ಹೋಗಿಯೇ. ನೀವು ಪಕ್ಕದಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಿ. ತೋಳು ಹಿಡಿದು ಎಳೆಯಲೇಬೇಡಿ: ಸ್ನಾಯು ಸೊರಗಿದ ಭುಜದ ಕೀಲು ಆ ಎಳೆತಕ್ಕೆ ಜಾರಬಹುದು, ಆಮೇಲೆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಮೊದಲಿಗೆ 3–5 ಸಲ, ದಿನಕ್ಕೆ ಎರಡು ಮೂರು ಬಾರಿ ಸಾಕು. ಸುಲಭವಾದ ಮೇಲೆ ದಿಂಬು ತೆಗೆಯಿರಿ.

ಅಭ್ಯಾಸದ ನಡುವೆ ಒಂದು ಪೂರ್ತಿ ವಾಕ್ಯ ಆಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಿಸಿ. ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ಮಟ್ಟ ಶೇ 88ಕ್ಕಿಂತ ಕೆಳಗಿಳಿದರೆ, ತಲೆ ಸುತ್ತಿದರೆ, ಎದೆ ಹಿಡಿದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಮರುದಿನ ಬೆಳಿಗ್ಗೆ ಮಾಮೂಲಿಗಿಂತ ಹೆಚ್ಚು ಸುಸ್ತಿದ್ದರೆ ಹಿಂದಿನ ದಿನ ಹೆಚ್ಚಾಯಿತೆಂದೇ ಅರ್ಥ, ಅರ್ಧಕ್ಕೆ ಇಳಿಸಿ. ಹೆಚ್ಚು ಮಾಡಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ವೆಂಟಿಲೇಟರ್‌ನಲ್ಲಿರುವವರ ವಿಷಯದಲ್ಲೂ ನಿಂತಿಲ್ಲ. 2022ರಲ್ಲಿ ಪ್ರಕಟವಾದ, 750 ರೋಗಿಗಳಿದ್ದ ಟೀಮ್ ಅಧ್ಯಯನದಲ್ಲಿ ಅಂಥವರಿಂದ ಹೆಚ್ಚು ಹೊತ್ತು ಚಲನೆ ಮಾಡಿಸಿದರೂ ಹೆಚ್ಚಿನ ಲಾಭ ಕಾಣಲಿಲ್ಲ. ಹೃದಯ ಬಡಿತ, ರಕ್ತದೊತ್ತಡಗಳ ಏರುಪೇರು ಮಾತ್ರ ಹೆಚ್ಚಾಯಿತು.

ಮಲಗಿದಾಗ ಪಾದ ಜೋತುಬೀಳಲು ಬಿಡಬೇಡಿ. ದಿಂಬಿನ ಆಸರೆಯಿಂದ ನೆಟ್ಟಗಿರಲಿ, ಹಿಮ್ಮಡಿಗೆ ಒತ್ತಡ ಬೀಳದಿರಲಿ. ಹಿಮ್ಮಡಿಯ ಸ್ನಾಯುರಜ್ಜು (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಗಟ್ಟಿ ಪಟ್ಟಿ) ಗಿಡ್ಡವಾಗಿ ಬಿಗಿದರೆ ತೊಡೆಗೆ ಬಲ ಬಂದ ಮೇಲೂ ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ.

ಪ್ರೋಟೀನ್ ಎಷ್ಟು ಬೇಕೆಂಬುದನ್ನು ಮೂತ್ರಪಿಂಡದ ವರದಿ ನೋಡಿ ಆಹಾರ ತಜ್ಞರು ಹೇಳಲಿ. ಡಬ್ಬಿಯ ಪುಡಿಯನ್ನು ನೀವಾಗಿಯೇ ಶುರು ಮಾಡಬೇಡಿ. ಗಂಟಲಿನ ಸ್ನಾಯುವೂ ಸೋತಿರಬಹುದು. ನೀರು ಕುಡಿದೊಡನೆ ಕೆಮ್ಮು, ಊಟದ ನಂತರ ಗೊರಗೊರ ದನಿ ಇದ್ದರೆ ನುಂಗುವ ಪರೀಕ್ಷೆ ಮಾಡಿಸಿ, ಇಲ್ಲವಾದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಮರುಕಳಿಸೀತು.

ಚೇತರಿಕೆಯ ಲೆಕ್ಕ ವಾರಗಳದ್ದಲ್ಲ, ತಿಂಗಳುಗಳದ್ದು; ಕೆಲವರಿಗೆ ವರ್ಷ ದಾಟುತ್ತದೆ. ಹೊಸದಾಗಿ ಒಂದೇ ಪಕ್ಕ ಸೋತರೆ, ಬಲ ದಿನದಿನಕ್ಕೆ ಇನ್ನಷ್ಟು ಇಳಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.