ಹೆಪ್ಪುಗಟ್ಟುವ ನಾಡಿನಲ್ಲಿ ಸೊಳ್ಳೆಗೇನು ಕೆಲಸ?

ಪ್ರಶ್ನೆ: ಸೊಳ್ಳೆಯೇ ಇಲ್ಲದ ಐಸ್‌ಲ್ಯಾಂಡ್‌ನಲ್ಲೂ 2025ರಲ್ಲಿ ಸೊಳ್ಳೆ ಸಿಕ್ಕಿತೆಂದು ಓದಿದೆ. ಚಳಿಗೆ ಸಾಯುವ ಜೀವಿ ಅಲ್ಲಿ ಬದುಕುವುದು ಹೇಗೆ? ನಾಳೆ ಡೆಂಗಿಯೂ ಅಲ್ಲಿಗೆ ಹೋದೀತೇ?

ಉತ್ತರ: ಅಲ್ಲಿ ಸಿಕ್ಕಿದ್ದು ಮೂರೇ ಮೂರು. ಜಾತಿ ಕ್ಯುಲಿಸೆಟಾ ಆನ್ಯುಲೇಟಾ. ಯುರೋಪಿನ ಚಳಿಗೆ ಒಗ್ಗಿದ್ದು, ಡೆಂಗಿ ಹರಡುವಂಥದ್ದಲ್ಲ. ನನ್ನ ತಲೆ ಕೆಡಿಸುವುದು ಇನ್ನೊಂದು: ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡಬಲ್ಲ, ಕಾಲಿಗೆ ಬಿಳಿ ಪಟ್ಟೆ ಹೊತ್ತ ಹುಲಿಸೊಳ್ಳೆ, ಏಡಿಸ್ ಆಲ್ಬೊಪಿಕ್ಟಸ್.

ಈ ಹುಲಿಸೊಳ್ಳೆಯಲ್ಲಿ ಚಳಿಗೆ ಸಾಯುವುದು ತಾಯಿ, ಮೊಟ್ಟೆಯಲ್ಲ. ಒಣಗಿದರೂ ಮೊಟ್ಟೆ ಬದುಕಿರುತ್ತದೆ. ಪ್ರಯೋಗಾಲಯದಲ್ಲಿದ್ದಾಗ ಇದರ ಮೊಟ್ಟೆಗಳಿದ್ದ ಕಾಗದದ ಪಟ್ಟಿಯೊಂದನ್ನು ಡ್ರಾಯರ್‌ನಲ್ಲಿಟ್ಟು ಮರೆತಿದ್ದೆ. ತಿಂಗಳುಗಳ ಮೇಲೆ ಕೈಗೆ ಸಿಕ್ಕಿತು. ಕರಿ ಪೆನ್ನಿನಿಂದ ಚುಕ್ಕಿ ಇಟ್ಟ ಹಾಗಿತ್ತು, ಬೆರಳಿಗೆ ಒರಟು. ಎಸೆಯುವ ಮುನ್ನ ನೋಡೋಣವೆಂದು ನೀರಿಗೆ ಹಾಕಿದೆ. ಸಂಜೆಯೊಳಗೆ ತಟ್ಟೆಯಲ್ಲಿ ಮರಿಹುಳುಗಳು ಮಿಣಮಿಣ ಕುಣಿಯುತ್ತಿದ್ದವು!

ತಂಪು ಸೀಮೆಯ ತಳಿಗಳದ್ದು ಇನ್ನೂ ಜಾಣತನ. ಹಗಲು ಗಿಡ್ಡವಾಗುತ್ತಿದ್ದಂತೆ ತಾಯಿ ಇಡುವ ಮೊಟ್ಟೆಗಳಲ್ಲಿ ಮರಿ ಪೂರ್ತಿ ಬೆಳೆದರೂ ಹೊರಬರದೆ ಚಳಿಗಾಲವಿಡೀ ಮಲಗಿರುತ್ತದೆ. ಇಂಥ ಮೊಟ್ಟೆ ಅಂಟಿದ ಹಳೇ ಟೈರುಗಳು ಹಡಗು ಹತ್ತಿದ್ದೇ ಅನಾಹುತ. 1979ರಲ್ಲಿ ಅಲ್ಬೇನಿಯಾ, 1985ರಲ್ಲಿ ಅಮೆರಿಕದ ಹ್ಯೂಸ್ಟನ್, 1990ರಲ್ಲಿ ಇಟಲಿಯ ಜಿನೋವಾ. ಬಿಸಿಯಾಗುತ್ತಿರುವ ಹವೆಯನ್ನು ಎಲ್ಲರೂ ಬೈಯುತ್ತಾರೆ, ಸರಿಯೇ. ಟೈರಿನ ವ್ಯಾಪಾರವನ್ನು ಯಾರೂ ಬೈಯುವುದಿಲ್ಲ. ಬಂದದ್ದು ಹಡಗಿನಲ್ಲಿ, ತಳವೂರಿ ಉತ್ತರಕ್ಕೆ ಹಬ್ಬಲು ನೆರವಾಗುತ್ತಿರುವುದು ಮೆತ್ತಗಾದ ಚಳಿಗಾಲ.

ಸೊಳ್ಳೆ ಬಂದ ಮಾತ್ರಕ್ಕೆ ರೋಗ ಬರುವುದಿಲ್ಲ. ಸೋಂಕಿದವರ ರಕ್ತ ಹೀರಿದ ಮೇಲೆ ವೈರಾಣು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನವರೆಗೆ ತಲುಪಬೇಕು. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಡೆಂಗಿಗೆ ಇದು ಹೆಚ್ಚುಕಡಿಮೆ ಒಂದು ವಾರದ ದಾರಿ. 20ಕ್ಕಿಳಿದರೆ ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಸೊಳ್ಳೆಯೇ ಸತ್ತಿರುತ್ತದೆ. ಬೇಸಿಗೆ ಸಾಕಷ್ಟು ಕಾದಿದ್ದರೆ ಏನಾಗುತ್ತದೆಂದು 2007ರಲ್ಲಿ ಇಟಲಿ ಕಂಡಿತು. ಭಾರತದಿಂದ ಹೋದ ಒಬ್ಬರಿಗೆ ಜ್ವರವಿತ್ತು. ಹುಲಿಸೊಳ್ಳೆ ಮೊದಲೇ ನೆಲೆಸಿತ್ತು. ರವೆನ್ನಾ ಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಚಿಕೂನ್‌ಗುನ್ಯಾದಿಂದ ಮಲಗಿದರು.

ರೇಕ್ಯಾವಿಕ್‌ನಲ್ಲಿ ಜುಲೈ ಸರಾಸರಿಯೇ 12 ಡಿಗ್ರಿ ಸುಮಾರು. ಹಾಗಾಗಿ ಐಸ್‌ಲ್ಯಾಂಡಿನವರು ಡೆಂಗಿಗೆ ಸದ್ಯ ಹೆದರಬೇಕಿಲ್ಲ. ಇಟಲಿಯವರಿಗೆ ಆ ಮಾತು ಹೇಳಲಾರೆ.