ಆ ಸಂಖ್ಯೆಗಳು ಯಾರವು?

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: “ಸಂಖ್ಯಾಶಾಸ್ತ್ರದ ಪಾಠದಲ್ಲಿ ನಮ್ಮ ಮಕ್ಕಳು ಅಂಕ ಕಳೆದುಕೊಳ್ಳುವುದೇ ಇಲ್ಲ. ಸರಾಸರಿ, ಮಧ್ಯಾಂಕ, ಬಹುಲಕ, ಎಲ್ಲ ಸೂತ್ರವೂ ಬಾಯಿಗೆ ಬರುತ್ತದೆ. ಮೊನ್ನೆ ಲೆಕ್ಕ ಮುಗಿದ ಮೇಲೆ, ‘ಈ ಉತ್ತರದಿಂದ ನಿಮಗೇನು ಗೊತ್ತಾಯ್ತು?’ ಎಂದು ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಇದನ್ನು ಬೇರೆ ಥರ ಕಲಿಸಬಹುದಾ? ನನಗೆ ಸಿಗುವುದು ಕೆಲವೇ ಪಿರಿಯಡ್.”

ನಮಸ್ಕಾರ ಮೇಷ್ಟ್ರೇ,

ಲೆಕ್ಕ ಸರಿಯಾಗಿದ್ದರೂ ನೀವು ಅಲ್ಲಿಗೇ ಬಿಡದೆ ಆ ಪ್ರಶ್ನೆ ಕೇಳಿದಿರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಮಕ್ಕಳು ಸುಮ್ಮನಾದದ್ದರಲ್ಲಿ ಅವರ ತಪ್ಪಿಲ್ಲ. ಲೆಕ್ಕದ ಪಟ್ಟಿಯಲ್ಲಿದ್ದ ಸಂಖ್ಯೆಗಳನ್ನು ಯಾರು ಅಳೆದರು, ಯಾಕೆ ಅಳೆದರು, ಅವರಿಗೆ ಏನು ತಿಳಿಯಬೇಕಿತ್ತು? ಒಂದೂ ಗೊತ್ತಿಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಬರೆದ ಮಗು, ಅದರ ಅರ್ಥ ಹೇಳು ಅಂದರೆ ಏನು ಹೇಳಬೇಕು?

ಒಂದು ಪಿರಿಯಡ್ ಪುಸ್ತಕ ಮುಚ್ಚಿಡಿ. ತರಗತಿಯ ಒಂದೇ ಮೇಜನ್ನು ಎಲ್ಲರೂ ಸ್ಕೇಲಿನಿಂದ ಅಳೆಯಲಿ. ಮಿಲಿಮೀಟರ್ ತನಕ ಅಳೆದು, ಪಕ್ಕದವರಿಗೆ ತೋರಿಸದೆ ಚೀಟಿಯಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಬರೆಯಲಿ. ಸ್ಕೇಲು ಚಿಕ್ಕದಾದಷ್ಟೂ ಒಳ್ಳೆಯದು, ಮೂರ್ನಾಲ್ಕು ಸಲ ಸರಿಸಿ ಇಡಬೇಕಾಗುತ್ತದೆ. ಆಮೇಲೆ ಎಲ್ಲ ಚೀಟಿಯನ್ನೂ ಬೋರ್ಡಿಗೆ ಹಾಕಿ. ಮೇಜು ಒಂದೇ, ಉದ್ದ ಮಾತ್ರ ಒಬ್ಬೊಬ್ಬರದು ಒಂದೊಂದು! ‘ಹಾಗಾದರೆ ನಿಜವಾದ ಉದ್ದ ಎಷ್ಟು?’ ಎಂದು ಕೇಳಿ, ನೀವು ಸ್ವಲ್ಪ ಹೊತ್ತು ಮಾತಾಡಬೇಡಿ. ಜಾಸ್ತಿ ಜನ ಬರೆದದ್ದೇ ಸರಿ ಅಂತ ಒಬ್ಬಳು ಹೇಳುತ್ತಾಳೆ. ಎಲ್ಲ ಕೂಡಿಸಿ ಭಾಗಿಸೋಣ ಅನ್ನುತ್ತಾನೆ ಇನ್ನೊಬ್ಬ. ಸಾಲಾಗಿ ಬರೆದು ನಡುವಿನದನ್ನು ತಗೊಳ್ಳೋಣ ಅನ್ನುವವರೂ ಸಿಗಬಹುದು. ಬಹುಲಕ, ಸರಾಸರಿ, ಮಧ್ಯಾಂಕ: ನಿಮ್ಮ ಮೂರು ಸೂತ್ರಗಳು ಇವೇ ಅಲ್ವಾ?

ಯಾರಾದರೂ ಒಬ್ಬರು ಸೆಂಟಿಮೀಟರ್ ಬದಲು ಮಿಲಿಮೀಟರಿನಲ್ಲಿ ಬರೆದಿದ್ದರೆ ಪಾಠಕ್ಕೆ ಇನ್ನೂ ಒಳ್ಳೆಯದು. ಒಂಬತ್ತು ಮಕ್ಕಳು 120, ಹತ್ತನೆಯ ಮಗು 1200 ಬರೆದಿದೆ ಅಂದುಕೊಳ್ಳಿ. ಸರಾಸರಿ 228ಕ್ಕೆ ಹಾರುತ್ತದೆ. ಅಷ್ಟು ಉದ್ದ ಯಾರೂ ಅಳೆದೇ ಇಲ್ಲ! ಮಧ್ಯಾಂಕ ಮಾತ್ರ 120ರಲ್ಲೇ ನಿಲ್ಲುತ್ತದೆ. ಯಾವುದನ್ನು ಯಾವಾಗ ನಂಬಬೇಕು ಅನ್ನುವುದು ಹೀಗೆ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಎರಡನೆಯ ಪಿರಿಯಡ್ ನಾಣ್ಯಕ್ಕೆ ಕೊಡಿ. ಅರ್ಧ ಮಕ್ಕಳು ನಿಜವಾಗಿ 100 ಸಲ ಚಿಮ್ಮಿ, ಬಿದ್ದ ಮುಖಗಳನ್ನು ಸಾಲಾಗಿ ಬರೆಯಲಿ. ಉಳಿದವರು ಚಿಮ್ಮದೆ, ತಲೆಯಲ್ಲೇ ಯೋಚಿಸಿ ಸುಳ್ಳು ಪಟ್ಟಿ ಬರೆಯಲಿ. ಯಾವ ಪಟ್ಟಿ ಯಾರದು ಅಂತ ನಿಮಗೆ ಹೇಳುವುದು ಬೇಡ. ನೀವು ಪ್ರತಿ ಪಟ್ಟಿಯಲ್ಲೂ ಒಂದೇ ಮುಖ ಸತತವಾಗಿ ಆರು ಸಲ ಬಿದ್ದಿದೆಯಾ ನೋಡಿ. ನಿಜವಾಗಿ 100 ಸಲ ಚಿಮ್ಮಿದರೆ, ಹತ್ತರಲ್ಲಿ ಸುಮಾರು ಎಂಟು ಪಟ್ಟಿಗಳಲ್ಲಿ ಅಂಥ ಸಾಲು ಇರುತ್ತದೆ. ಸುಳ್ಳು ಬರೆಯುವ ಮಗು ಮೂರು ನಾಲ್ಕು ಸಲಕ್ಕೇ ಹೆದರಿ ಮುಖ ಬದಲಿಸಿಬಿಡುತ್ತದೆ. ನೀವು ಜಾದೂ ಮಾಡಿದ ಹಾಗೆ ಪಟ್ಟಿಗಳನ್ನು ಬೇರ್ಪಡಿಸುತ್ತೀರಿ. ಒಂದೆರಡು ತಪ್ಪಾಗಬಹುದು, ಆಗಲಿ. ಯಾಕೆ ತಪ್ಪಾಯಿತು ಎಂದು ಮಾತಾಡಲು ಅದೂ ಬೇಕು.

ಮೂರನೆಯದಕ್ಕೆ ಒಂದು ಕಥೆ ಸಾಕು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರಿಪಬ್ಲಿಕನ್ ಪಕ್ಷದ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನ್ ಡೈರೆಕ್ಟರಿ, ಕಾರು ಇದ್ದವರ ಪಟ್ಟಿಗಳಿಂದ ತೆಗೆದಿದ್ದರು. ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಯಾರು? ಚೀಟಿ ಬಂದರೂ ಉತ್ತರಿಸದೆ ಸುಮ್ನಿದ್ದವರು ಯಾರು? ಇದನ್ನು ಮಕ್ಕಳೇ ಯೋಚಿಸಲಿ. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ತುಂಬಾ ಕಡಿಮೆ ಜನರನ್ನು ಕೇಳಿಯೂ ಗೆಲ್ಲುವವರನ್ನು ಸರಿಯಾಗಿ ಹೇಳಿದರು. ಪತ್ರಿಕೆ ನಡೆಸುವ ನನಗೆ ಈ ಕಥೆ ಸದಾ ನೆನಪಿರುತ್ತದೆ. ನಮಗೆ ಬರುವ ಬರಹದಲ್ಲಿ ‘ಶೇಕಡಾ ಇಷ್ಟು ಜನ’ ಎಂದು ಕಂಡ ಕೂಡಲೇ ‘ಯಾರನ್ನು ಕೇಳಿದಿರಿ?’ ಎಂದು ಬರೆದವರನ್ನು ವಿಚಾರಿಸುತ್ತೇವೆ.

ಗ್ರಾಫ್ ಬಗ್ಗೆ ಒಂದೇ ಮಾತು. ಲೆಕ್ಕಕ್ಕೆ ಮೊದಲು ಚುಕ್ಕಿ ಇಡಿಸಿ, ಚಿತ್ರ ನೋಡಲಿ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ನಾಲ್ಕು ಪುಟ್ಟ ದತ್ತಾಂಶಗಳನ್ನು ಕಟ್ಟಿ ತೋರಿಸಿದರು. ಒಂದೊಂದರಲ್ಲೂ 11 ಜೋಡಿ ಸಂಖ್ಯೆಗಳು. ನಾಲ್ಕರ ಸರಾಸರಿಯೂ ಹೆಚ್ಚುಕಮ್ಮಿ ಒಂದೇ. ಚಿತ್ರ ಬರೆದರೆ ಒಂದು ಬಾಗಿದ ಗೆರೆ, ಇನ್ನೊಂದರಲ್ಲಿ ಗುಂಪಿನಿಂದ ದೂರ ನಿಂತ ಒಂಟಿ ಚುಕ್ಕಿ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲ!

ಸಮಯ ಎಲ್ಲಿಂದ ತರಲಿ ಎಂದು ಕೇಳುತ್ತೀರಿ. ಸಂಖ್ಯೆಗಳನ್ನು 0–10, 10–20 ಎಂದು ಗುಂಪು ಮಾಡಿದ ವರ್ಗಾಂತರ ಕೋಷ್ಟಕದ ಹತ್ತು ಲೆಕ್ಕ ಮಾಡಿಸುವ ಕಡೆ ನಾಲ್ಕು ಮಾಡಿಸಿ. ಸೂತ್ರ ಅವರಿಗೆ ಹೇಗೂ ಬರುತ್ತದೆ ಎಂದು ನೀವೇ ಬರೆದಿದ್ದೀರಿ.

ಮೇಜು ಅಳೆದ ದಿನ ಬೋರ್ಡಿನ ಮೇಲಿದ್ದ ಅಷ್ಟೂ ಸಂಖ್ಯೆಗಳನ್ನು ನನಗೆ ಬರೆದು ಕಳಿಸುತ್ತೀರಾ? ತಪ್ಪಾದವನ್ನೂ ಬಿಡಬೇಡಿ.

ಸಂಪಾದಕ